ಮನೆಮಾತು ಯಾವುದಾದ್ರೂ ಇರಲಿ, ಊರಮಾತು ಯಾರದ್ದು?

ರಾಗಿಗುಡ್ಡ ಅಂದ ಕೂಡಲೇ ನಿಮಗೇನು ನೆನಪಾಗುತ್ತೆ? ಬೆಂಗಳೂರಿನವರಾದ್ರೆ ಜಯನಗರದ ಆಂಜನೇಯ ಸ್ವಾಮಿ ನೆನಪಾಗಬಹುದು. ನಾನು ಹೇಳ್ತಿರೋದು ಆ ರಾಗಿಗುಡ್ಡ ಅಲ್ಲ, ಶಿವಮೊಗ್ಗದ್ದು. 2023ರ ಅಕ್ಟೋಬರ್ 1, ಭಾನುವಾರ. ಈದ್ ಮಿಲಾದ್ ಮೆರವಣಿಗೆ ವೇಳೆ ಅಲ್ಲಿ ಕಲ್ಲು ತೂರಾಟ ಆಯ್ತು. ಪೊಲೀಸರು ಲಾಠಿ ಬೀಸಿದ್ರು. ನಿಷೇಧಾಜ್ಞೆ ಬಿತ್ತು. ಕೆಲವು ದಿನ ಎಲ್ಲಾ ನ್ಯೂಸ್ ಚಾನೆಲ್‌ಗಳ ಪರದೆ ಮೇಲೂ ಆ ಹೆಸರು ದೊಡ್ಡ ಅಕ್ಷರದಲ್ಲಿ ಓಡ್ತಾ ಇತ್ತು. ಆಮೇಲೆ ನಾವು ಬೇರೆ ಸುದ್ದಿಗೆ ಹೋದ್ವಿ. ರಾಗಿಗುಡ್ಡದ ಜನ ಮಾತ್ರ ಎಲ್ಲೂ ಹೋಗಲಿಲ್ಲ, ಅವರು ಅಲ್ಲೇ ಇದ್ರು. ಹಾಲು ತಂದ್ರು, ಮಕ್ಕಳನ್ನ ಶಾಲೆಗೆ ಕಳಿಸಿದ್ರು, ಕೆಲಸಕ್ಕೆ ಹೋದ್ರು.

ಇದಾಗಿ ಎಷ್ಟೋ ತಿಂಗಳ ಮೇಲೆ ಬೇರೆ ಕೆಲಸಕ್ಕೆ ಅಂತ ಶಿವಮೊಗ್ಗಕ್ಕೆ ಹೋಗಿದ್ದಾಗ ಆ ಕಡೆ ಒಂದು ಸುತ್ತು ಹಾಕಿದೆ. ಕ್ಯಾಮೆರಾ ಇರಲಿಲ್ಲ, ಮೈಕ್ ಇರಲಿಲ್ಲ. ಒಂದು ಟೀ ಅಂಗಡಿ ಮುಂದೆ ಕೂತೆ. ಹತ್ತೇ ಹತ್ತು ನಿಮಿಷ. ಅಷ್ಟರಲ್ಲಿ ಕಿವಿಗೆ ಬಿದ್ದ ಭಾಷೆಗಳು ಎಷ್ಟು ಗೊತ್ತಾ? ನಾಲ್ಕು. ಅಂಗಡಿಯವರು ಒಳಗಿದ್ದ ಹೆಂಡತಿ ಹತ್ರ ತಮಿಳಿನಲ್ಲಿ ಸಕ್ಕರೆ ಡಬ್ಬ ಕೇಳಿದ್ರು. ಆಟೋದಿಂದ ಇಳಿದ ಹುಡುಗ ಫೋನಲ್ಲಿ ಉರ್ದು ಮಾತಾಡ್ತಾ ಇದ್ದ. ಇಬ್ಬರು ಹೆಣ್ಣುಮಕ್ಕಳು ತೆಲುಗಲ್ಲಿ ಏನೋ ನಗ್ತಾ ಹೋದ್ರು. ಆದ್ರೆ ಈ ಆಟೋ ಹುಡುಗ ಅಂಗಡಿಯವರ ಹತ್ರ ಟೀ ಕೇಳಿದ್ದು ಕನ್ನಡದಲ್ಲಿ. ಅವರು ಚಿಲ್ಲರೆ ಇಲ್ಲ ಅಂತ ಬೈದಿದ್ದೂ ಕನ್ನಡದಲ್ಲೇ!

ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರನ್ನ ಕೇಳಿದೆ, "ಯಜಮಾನ್ರೇ, ನಿಮ್ಮದು ಯಾವ ಭಾಷೆ?" ಅವರು ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. "ಯಾವುದು ಅಂತ ಹೇಳಲಿ ಸಾರ್? ಮನೆಮಾತು ತಮಿಳು. ಊರಮಾತು ಕನ್ನಡ" ಅಂದ್ರು.

ಮನೆಮಾತು, ಊರಮಾತು. ಎಷ್ಟು ಸಲೀಸಾಗಿ ಬೇರೆ ಮಾಡಿಬಿಟ್ರು ನೋಡಿ. ಅವರ ಮನಸ್ಸಿನಲ್ಲಿ ಈ ಎರಡಕ್ಕೂ ಜಗಳ ಇಲ್ಲ. ಹಾಗಾದ್ರೆ ಒಂದು ಭಾಷೆ ಊರಮಾತು ಆಗೋದು ಹೇಗೆ? ಆದಮೇಲೆ ಅದು ಯಾರ ಸ್ವತ್ತು? ಅದನ್ನ ಮನೆಯಲ್ಲೇ ಆಡುವವರದ್ದಾ, ಬೀದಿಯಲ್ಲಿ ಕಲಿತವರದ್ದಾ? ಈ ಪ್ರಶ್ನೆಯನ್ನ ನಮಗಿಂತ ಜೋರಾಗಿ ಕೇಳಿಕೊಂಡ, ಎರಡು ಬೇರೆ ಬೇರೆ ಉತ್ತರ ಕೊಟ್ಟುಕೊಂಡ ಒಂದು ಭಾಷೆ ಇದೆ. ಬಂಗಾಳಕೊಲ್ಲಿ ದಾಟಿ ಹೋಗಬೇಕು. ಅದರ ಹೆಸರು ಮಲಯ್.

ಮಲಯಾಳಂ ಅಲ್ಲ ಸ್ವಾಮಿ, ಮಲಯ್. ಮಲೇಷ್ಯಾ, ಇಂಡೋನೇಷ್ಯಾ, ಸಿಂಗಾಪುರ, ಬ್ರುನೈ, ಇಷ್ಟೂ ಕಡೆ ಒಂದಲ್ಲ ಒಂದು ರೂಪದಲ್ಲಿ ಇರೋ ಭಾಷೆ. ನಮಗೂ ಅದಕ್ಕೂ ಏನು ಸಂಬಂಧ ಅಂತೀರಾ? ಆ ಭಾಷೆಯಲ್ಲಿ ಭಾಷೆಗೆ ಏನಂತಾರೆ ಗೊತ್ತಾ? 'ಬಹಾಸ'. ಭೂಮಿಗೆ 'ಬುಮಿ'. ಗುರುವಿಗೆ ಗುರು, ರಾಜನಿಗೆ ರಾಜ, ಮಂತ್ರಿಗೆ 'ಮಂತೆರಿ'. ಉಪವಾಸಕ್ಕೆ 'ಪುವಾಸ'. ರಂಜಾನ್ ತಿಂಗಳ ಉಪವಾಸಕ್ಕೂ ಅದೇ ಪದ. ಗಂಡನಿಗೆ 'ಸುವಾಮಿ', ಅಂದ್ರೆ ಸ್ವಾಮಿ. ಪ್ರೀತಿಗೆ 'ಚಿಂತ'. ಪ್ರೀತಿ ಅಂದ್ರೆ ಚಿಂತೆ ಅನ್ನೋದನ್ನ ಅವರು ಮೊದಲೇ ಕಂಡುಕೊಂಡಿದ್ರು! ಅಂಗಡಿಗೆ 'ಕೆಡೈ', ತಮಿಳಿನ ಕಡೈ. ಕುರ್ಚಿಗೆ 'ಕೆರುಸಿ'. ನಮಗೂ ಅವರಿಗೂ ಆ ಪದ ಕೊಟ್ಟಿದ್ದು ಅರಬ್ಬಿ. ಸುಮಾತ್ರಾದಲ್ಲಿ ಸಿಕ್ಕಿರೋ ಕ್ರಿ.ಶ. 683ರ ಕೆದುಕಾನ್ ಬುಕಿತ್ ಶಾಸನ ಹಳೆಯ ಮಲಯ್ ಭಾಷೆಯಲ್ಲಿದೆ, ಬರೆದಿರೋ ಲಿಪಿ ದಕ್ಷಿಣ ಭಾರತದ ಪಲ್ಲವ ಲಿಪಿ.

ಅದು ಬಂದರಿನ ಭಾಷೆ. ಹದಿನೈದನೇ ಶತಮಾನದಲ್ಲಿ ಮಲಾಕ್ಕಾ ಬಂದರಿಗೆ ಗುಜರಾತಿ, ತಮಿಳ, ಅರಬ್, ಚೀನೀ, ಜಾವಾ ವ್ಯಾಪಾರಿಗಳು ಬರ್ತಿದ್ರು. ಅಕ್ಕಿ, ಬಟ್ಟೆ, ಮೆಣಸು, ಲವಂಗ ಕೈ ಬದಲಾಗ್ತಿತ್ತು. ಇಷ್ಟು ಜನ ಪರಸ್ಪರ ಚೌಕಾಸಿ ಮಾಡೋದು ಯಾವ ಭಾಷೆಯಲ್ಲಿ? ಮಲಯ್‌ನಲ್ಲಿ. 1511ರಲ್ಲಿ ಪೋರ್ಚುಗೀಸರು ಮಲಾಕ್ಕಾ ಹಿಡಿದ್ರು, ಮುಂದೆ ಡಚ್ಚರು ಬಂದ್ರು, ಬ್ರಿಟಿಷರು ಬಂದ್ರು. ಸಂತೆಯ ಮಾತು ಮಾತ್ರ ಅದೇ ಉಳೀತು. ಯಾರೂ ಕಾಯ್ದೆ ಮಾಡಿರಲಿಲ್ಲ, ಯಾರೂ ಬೋರ್ಡಿಗೆ ಮಸಿ ಬಳಿದಿರಲಿಲ್ಲ. ರಾಗಿಗುಡ್ಡದ ಟೀ ಅಂಗಡಿಯಲ್ಲಿ ಕನ್ನಡ ಇದ್ದ ಹಾಗೆ, ಬಂದರಿನಲ್ಲಿ ಮಲಯ್ ಇತ್ತು.

ಈಗ ಇಪ್ಪತ್ತನೇ ಶತಮಾನಕ್ಕೆ ಬನ್ನಿ. ಡಚ್ಚರ ಕೈಯಲ್ಲಿದ್ದ ಸಾವಿರಾರು ದ್ವೀಪಗಳ ಯುವಕರಿಗೆ ಸ್ವಾತಂತ್ರ್ಯದ ಕನಸು ಬಿತ್ತು. ಸರಿ, ನಾಳೆ ದೇಶ ಒಂದಾದ್ರೆ ಅದರ ಭಾಷೆ ಯಾವುದು? ಅಲ್ಲಿ ಏಳುನೂರಕ್ಕೂ ಹೆಚ್ಚು ಭಾಷೆಗಳಿವೆ. ಎಲ್ಲಕ್ಕಿಂತ ದೊಡ್ಡದು ಜಾವಾ ದ್ವೀಪದ ಜಾವನೀಸ್. ತಲೆ ಎಣಿಸಿದ್ರೆ ಅದೇ ಗೆಲ್ಲಬೇಕು. ಅದಕ್ಕೆ ಹಳೆಯ ಸಾಹಿತ್ಯವಿದೆ, ಅರಮನೆಯ ಠೀವಿ ಇದೆ. ಮಲಯ್ ಮನೆಮಾತಾಗಿದ್ದವರು ಅವರ ಮುಂದೆ ಸಣ್ಣ ಗುಂಪು.

ಆದ್ರೂ 1928ರ ಅಕ್ಟೋಬರ್ 28ರಂದು ಬಟಾವಿಯಾದಲ್ಲಿ, ಅಂದ್ರೆ ಇವತ್ತಿನ ಜಕಾರ್ತದಲ್ಲಿ ಸೇರಿದ ಯುವ ಸಮಾವೇಶ ಆರಿಸಿಕೊಂಡಿದ್ದು ಮಲಯ್ ಭಾಷೆಯನ್ನ. ಯಾಕೆ? ಜಾವನೀಸ್‌ನಲ್ಲಿ ದೊಡ್ಡವರ ಹತ್ರ ಮಾತಾಡೋದಕ್ಕೆ ಒಂದು ಪದಕೋಶ, ಚಿಕ್ಕವರ ಹತ್ರ ಇನ್ನೊಂದು. ನಮ್ಮಲ್ಲಿ ನೀನು, ನೀವು ಅಂತ ಇದೆಯಲ್ಲ, ಹಾಗಲ್ಲ. ಅನ್ನಕ್ಕೆ, ಮನೆಗೆ, ಹೋಗೋದಕ್ಕೆ, ಬರೋದಕ್ಕೆ ಎಲ್ಲಕ್ಕೂ ಮೇಲಿನ ಪದ, ಕೆಳಗಿನ ಪದ. ಬಾಯಿ ತೆರೆದರೆ ನೀವು ಯಾರು, ಎದುರಿಗಿರೋನು ಯಾರು ಅಂತ ಅಂತಸ್ತು ಗೊತ್ತಾಗಿಬಿಡುತ್ತೆ. ಸಮಾನರ ದೇಶ ಕಟ್ಟಬೇಕು ಅಂದವರಿಗೆ ಅದು ಭಾರ. ಎರಡನೇ ಕಾರಣ ಇನ್ನೂ ದೊಡ್ಡದು. ಜಾವನೀಸ್ ಆರಿಸಿದ್ರೆ ಉಳಿದ ದ್ವೀಪಗಳಿಗೆಲ್ಲ ಇದು ಜಾವಾದವರ ದೇಶ ಅಂತ ಅನ್ನಿಸ್ತಿತ್ತು. ಮಲಯ್ ಎಲ್ಲರಿಗೂ ಸಂತೆಯ ಭಾಷೆ. ಅದನ್ನ ಆರಿಸಿದ್ರೆ ಯಾರೂ ಸೋತ ಹಾಗಾಗಲ್ಲ.

ಇನ್ನೊಂದು ಜಾಣತನ ನೋಡಿ. ಮಹಮ್ಮದ್ ತಬ್ರಾನಿ ಅನ್ನೋ ಪತ್ರಕರ್ತ ಇದ್ದ. ಮದುರಾ ದ್ವೀಪದವನು. ಅವನು 1926ರಲ್ಲೇ ಹೇಳಿದ್ದ, ನಾಡು ಇಂಡೋನೇಷ್ಯಾ, ಜನ ಇಂಡೋನೇಷ್ಯಾದವರು ಅಂದಮೇಲೆ ಭಾಷೆಯ ಹೆಸರು ಮಲಯ್ ಅಂತ ಯಾಕಿರಬೇಕು, ಅದೂ 'ಬಹಾಸ ಇಂಡೊನೇಸಿಯ' ಆಗಲಿ ಅಂತ. ಹಾಗೇ ಆಯ್ತು. ಭಾಷೆಯಿಂದ ಒಂದು ಜನಾಂಗದ ಹೆಸರನ್ನ ಕಳಚಿ ನಾಡಿನ ಹೆಸರನ್ನ ಹಾಕಿದ್ರು. 1945ರ ಸಂವಿಧಾನದಲ್ಲಿ ಅದೇ ರಾಜ್ಯಭಾಷೆ ಆಯ್ತು.

ಇದು ನಮಗೆ ಎಲ್ಲೋ ಕೇಳಿದ ಹಾಗಿದೆಯಲ್ವಾ? 1956ರಲ್ಲಿ ಏಕೀಕರಣ ಆದಮೇಲೂ ನಮ್ಮ ರಾಜ್ಯದ ಹೆಸರು ಮೈಸೂರು ಅಂತಲೇ ಇತ್ತು. ಹುಬ್ಬಳ್ಳಿಯವನಿಗೆ, ಕಲಬುರಗಿಯವನಿಗೆ, ಮಂಗಳೂರಿನವನಿಗೆ ನಾನ್ಯಾಕೆ ಮೈಸೂರಿನವನು ಅಂತ ಪ್ರಶ್ನೆ. ಹೆಸರು ಕರ್ನಾಟಕ ಆಗಬೇಕು ಅಂತ ವಿಧಾನಸಭೆಯಲ್ಲಿ ಗಟ್ಟಿಯಾಗಿ ದನಿ ಎತ್ತಿದವರು ಇದೇ ಶಿವಮೊಗ್ಗ ಜಿಲ್ಲೆಯ ಸಮಾಜವಾದಿ ಶಾಂತವೇರಿ ಗೋಪಾಲಗೌಡರು. 1972ರ ಜೂನ್‌ನಲ್ಲಿ ಅವರು ತೀರಿಕೊಂಡ್ರು. ದೇವರಾಜ ಅರಸು ಸರಕಾರ ಹೆಸರು ಬದಲಿಸಿದ್ದು 1973ರ ನವೆಂಬರ್ 1ಕ್ಕೆ. ಆ ದಿನವನ್ನ ಅವರು ನೋಡಲಿಲ್ಲ.

ಮಲಯ್‌ನ ಎರಡನೇ ಕಥೆಗೆ ಬರೋಣ. ಅದು ಮಲೇಷ್ಯಾದ್ದು. 1957ರ ಆಗಸ್ಟ್ 31ರಂದು ಮಲಯಾ ಸ್ವತಂತ್ರ ಆಯ್ತು. ಅಲ್ಲಿ ಮಲಯ್ ಜನ ಇದ್ರು, ತವರದ ಗಣಿಗೆ, ವ್ಯಾಪಾರಕ್ಕೆ ಬಂದು ನೆಲೆಸಿದ ಚೀನೀಯರು ಇದ್ರು, ರಬ್ಬರ್ ತೋಟಕ್ಕೆ ಬ್ರಿಟಿಷರು ಕರೆತಂದ ತಮಿಳರು ಇದ್ರು. ಸಂವಿಧಾನದ 152ನೇ ವಿಧಿ ಮಲಯ್ ರಾಷ್ಟ್ರಭಾಷೆ ಅಂತು. ಬೇರೆ ಭಾಷೆ ಆಡೋದಕ್ಕೆ, ಕಲಿಯೋದಕ್ಕೆ ಯಾರೂ ಅಡ್ಡಿ ಮಾಡಬಾರದು ಅಂತಲೂ ಹೇಳ್ತು. ಒಳ್ಳೆಯ ಮಾತು. ಆದ್ರೆ ಅದೇ ಸಂವಿಧಾನದ 160ನೇ ವಿಧಿ ಮಲಯ್ ಮನುಷ್ಯ ಅಂದ್ರೆ ಯಾರು ಅಂತಲೂ ಹೇಳುತ್ತೆ. ಇಸ್ಲಾಂ ಪಾಲಿಸಬೇಕು, ರೂಢಿಯಲ್ಲಿ ಮಲಯ್ ಮಾತಾಡಬೇಕು, ಮಲಯ್ ಸಂಪ್ರದಾಯ ಅನುಸರಿಸಬೇಕು. 153ನೇ ವಿಧಿ ಮಲಯ್ ಜನರಿಗೆ ವಿಶೇಷ ಸ್ಥಾನ ಕೊಡುತ್ತೆ, ಸರಕಾರಿ ಹುದ್ದೆಯಲ್ಲಿ, ವಿದ್ಯಾರ್ಥಿವೇತನದಲ್ಲಿ, ಪರವಾನಗಿಯಲ್ಲಿ.

ಇಲ್ಲಿ ಸ್ವಲ್ಪ ನಿಲ್ಲಿ. ತಮಿಳು ಮನೆಯ ಒಬ್ಬ ಹುಡುಗ ಅಲ್ಲಿ ಮಲಯ್ ಭಾಷೆಯನ್ನ ಎಷ್ಟೇ ಚೆನ್ನಾಗಿ ಕಲಿತರೂ, ಅದರಲ್ಲಿ ಕವಿತೆ ಬರೆದರೂ, ಆ ವ್ಯಾಖ್ಯೆಯೊಳಗೆ ಅವನು ಬರಲ್ಲ. ಭಾಷೆ ಕಲಿತರೆ ಸಾಲದು, ಧರ್ಮವೂ ಬೇಕು, ಆಚಾರವೂ ಬೇಕು. ಕಾಗದದ ಮೇಲೆ ಎಲ್ಲರ ರಾಷ್ಟ್ರಭಾಷೆ, ಮನಸ್ಸಿನಲ್ಲಿ ಒಂದು ಜನಾಂಗದ ಗುರುತು.

ಮಲಯ್ ಜನರ ದೂರು ಸುಳ್ಳೇನಲ್ಲ, ಅದನ್ನೂ ಹೇಳಬೇಕು. ಬ್ರಿಟಿಷರ ಕಾಲದಲ್ಲಿ ಪೇಟೆ ಇನ್ನೊಬ್ಬರ ಕೈಯಲ್ಲಿ, ಕಚೇರಿ ಇಂಗ್ಲಿಷಿನಲ್ಲಿ. ಮಲಯ್ ರೈತ ಭತ್ತದ ಗದ್ದೆಯಲ್ಲೇ ಉಳಿದಿದ್ದ. ನಮ್ಮ ನೆಲದಲ್ಲಿ ನಮ್ಮ ಭಾಷೆಗೆ ಬೆಲೆ ಇಲ್ಲ ಅನ್ನೋ ನೋವು ಕನ್ನಡಿಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ಆ ನೋವು, ಈ ಕಡೆಯವರ ಭಯ, ನಡುವೆ ಚುನಾವಣೆ. 1969ರ ಮೇ 13ರಂದು ಕೌಲಾಲಂಪುರದಲ್ಲಿ ದೊಡ್ಡ ಗಲಭೆ ಆಯ್ತು. ಸರಕಾರಿ ಲೆಕ್ಕದಲ್ಲೇ ಸತ್ತವರು 196 ಜನ. ಕಾರಣ ಭಾಷೆ ಒಂದೇ ಅಲ್ಲ. ಆದ್ರೆ ಭಾಷೆಯೂ ಆ ಬೆಂಕಿಯ ಒಂದು ಕೊಳ್ಳಿ.

ಆಮೇಲೆ ಸರಕಾರ ಇಂಗ್ಲಿಷ್ ಮಾಧ್ಯಮದ ಸರಕಾರಿ ಶಾಲೆಗಳನ್ನ 1970ರಿಂದ ತರಗತಿಗೆ ಒಂದರಂತೆ ಮಲಯ್ ಮಾಧ್ಯಮಕ್ಕೆ ತಿರುಗಿಸ್ತು. ಅದೇ ವರ್ಷ ಮಲಯ್ ಮಾಧ್ಯಮದ ವಿಶ್ವವಿದ್ಯಾಲಯವನ್ನೇ ಕಟ್ಟಿತು. ಪದಕೋಶ ಮಾಡೋದಕ್ಕೆ, ಪಠ್ಯಪುಸ್ತಕ ತರೋದಕ್ಕೆ 1956ರಲ್ಲೇ ಒಂದು ಸಂಸ್ಥೆ ಹುಟ್ಟಿತ್ತು. 1972ರಲ್ಲಿ ಇಂಡೋನೇಷ್ಯಾದ ಜೊತೆ ಕೂತು ಎರಡೂ ದೇಶಕ್ಕೆ ಒಂದೇ ಕಾಗುಣಿತ ಮಾಡಿಕೊಂಡ್ರು. ಹಳ್ಳಿ ಹುಡುಗ ತನ್ನ ಭಾಷೆಯಲ್ಲೇ ವಿಜ್ಞಾನ ಓದೋ ಹಾಗಾಯ್ತು. ಅದು ದೊಡ್ಡ ಸಾಧನೆ. ನಮ್ಮ ಕೈಲಿ ಇವತ್ತಿಗೂ ಆಗಿಲ್ಲ.

ಆದ್ರೆ ಬೇಲಿ ಹಾಗೇ ಉಳೀತು. ಚೀನೀ ಮಕ್ಕಳು ಚೀನೀ ಪ್ರಾಥಮಿಕ ಶಾಲೆಗೆ, ತಮಿಳು ಮಕ್ಕಳು ತಮಿಳು ಶಾಲೆಗೆ, ಮಲಯ್ ಮಕ್ಕಳು ರಾಷ್ಟ್ರೀಯ ಶಾಲೆಗೆ. ಭಾಷೆಯ ಹೆಸರೂ ಒಂದು ಕಡೆ ನಿಲ್ಲಲಿಲ್ಲ. ಗಲಭೆಯ ನಂತರ ಎಲ್ಲರದ್ದು ಅಂತ ತೋರಿಸೋಕೆ 'ಬಹಾಸ ಮಲೇಸಿಯ' ಅಂದ್ರು. 1986ರಲ್ಲಿ ಮತ್ತೆ 'ಬಹಾಸ ಮೆಲಾಯು' ಅಂದ್ರು. 2007ರಲ್ಲಿ ಮತ್ತೆ 'ಮಲೇಸಿಯ'. ಬರೀ ಹೆಸರಲ್ವಾ ಅಂತೀರಾ? ಅಲ್ಲ. ಇದು ನಾಡಿನದ್ದಾ, ಜನಾಂಗದ್ದಾ ಅನ್ನೋ ಪ್ರಶ್ನೆ ಇನ್ನೂ ಬಗೆಹರಿದಿಲ್ಲ ಅಂತ ಅರ್ಥ. ಇನ್ನೊಂದು ಕಡೆ ಇಂಗ್ಲಿಷಿನ ಕಾಟ. 2003ರಲ್ಲಿ ಮಹಾತಿರ್ ಸರಕಾರ ಗಣಿತ, ವಿಜ್ಞಾನವನ್ನ ಇಂಗ್ಲಿಷಿನಲ್ಲಿ ಕಲಿಸಿ ಅಂತು. 2009ರಲ್ಲಿ ಬೇರೆ ಸರಕಾರ ಬೇಡ ಅಂತು. ಈ ಎಳೆದಾಟದಲ್ಲಿ ಪಾಪ, ಮಕ್ಕಳು.

ಪಕ್ಕದ ಸಿಂಗಾಪುರ ಇನ್ನೂ ವಿಚಿತ್ರ. ಅಲ್ಲಿನ ರಾಷ್ಟ್ರಗೀತೆ ಮಲಯ್, ಸೈನ್ಯದ ಕವಾಯತಿನ ಆಜ್ಞೆ ಮಲಯ್, ಕಾಗದದಲ್ಲಿ ರಾಷ್ಟ್ರಭಾಷೆಯೂ ಮಲಯ್. ಆದ್ರೆ ಅನ್ನ ಕೊಡೋದು ಇಂಗ್ಲಿಷ್. ಗೌರವ ಒಂದಕ್ಕೆ, ಸಂಬಳ ಇನ್ನೊಂದಕ್ಕೆ. ನವೆಂಬರ್ 1ಕ್ಕೆ ಬಾವುಟ ಹಾರಿಸಿ ನವೆಂಬರ್ 2ಕ್ಕೆ ಮಗುವಿನ ಇಂಗ್ಲಿಷ್ ಮೀಡಿಯಂ ಫೀಸ್ ಕಟ್ಟೋ ನಾವು ಇದನ್ನ ಕೇಳಿ ನಗೋ ಹಾಗಿಲ್ಲ.

ಇಂಡೋನೇಷ್ಯಾವನ್ನ ನಾನು ಸಾಚಾ ಅಂತ ಮಾಡಿ ತೋರಿಸ್ತಿಲ್ಲ. ಸುಹಾರ್ತೋ ಕಾಲದಲ್ಲಿ ಚೀನೀ ಭಾಷೆಯ ಶಾಲೆಗಳಿಗೆ ಬೀಗ ಬಿತ್ತು. ಊರಮಾತು ಬಲವಾದ ಹಾಗೆ ಸಣ್ಣ ಸಣ್ಣ ಮನೆಮಾತುಗಳು ಅಲ್ಲಿ ಸೊರಗ್ತಾ ಇವೆ. ಊರಮಾತು ಎಲ್ಲರನ್ನೂ ಸೇರಿಸುತ್ತೆ, ನಿಜ. ಎಚ್ಚರ ತಪ್ಪಿದ್ರೆ ಮನೆಮಾತನ್ನ ನುಂಗಲೂಬಹುದು.

ಈಗ ಭದ್ರಾವತಿಗೆ ವಾಪಸ್ ಬರೋಣ. ಆ ಊರಿನ ಹಳೇ ಹೆಸರು ಬೆಂಕಿಪುರ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೊಳಕೆಯೊಡೆದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡ್ತು. ಅದಿರು ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಸುತ್ತಲಿನ ಕಾಡಿನಿಂದ, ನೀರು ಭದ್ರೆಯಿಂದ. ಜನ? ಜನ ಎಲ್ಲ ಕಡೆಯಿಂದ. ತಮಿಳು ಸೀಮೆಯಿಂದ ಬಂದ್ರು, ಆಂಧ್ರದಿಂದ ಬಂದ್ರು, ಕೇರಳದಿಂದ ಬಂದ್ರು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾದ ಮೇಲೆ ಮತ್ತಷ್ಟು ಜನ.

ಯೋಚಿಸಿ. ಕುಲುಮೆ ಮುಂದೆ ಒಬ್ಬ ತಮಿಳಿನವನು, ಒಬ್ಬ ಉರ್ದುವಿನವನು, ಒಬ್ಬ ಮಲೆನಾಡಿನ ಗೌಡರ ಹುಡುಗ. ಕಬ್ಬಿಣ ಕರಗಿ ಹರಿಯೋ ಹೊತ್ತಿಗೆ "ಹುಷಾರು, ಆ ಕಡೆ ಸರಿ" ಅಂತ ಕೂಗಿದ್ರೆ ಮೂವರಿಗೂ ಒಂದೇ ಕ್ಷಣದಲ್ಲಿ ಅರ್ಥ ಆಗಬೇಕು. ಅರ್ಥ ಆಗದಿದ್ರೆ ಜೀವ ಹೋಗುತ್ತೆ. ಟೀ ಅಂಗಡಿಯ ಆ ಹಿರಿಯರು ಹೇಳಿದ್ದು ಇದನ್ನೇ. "ನನಗೆ ಕನ್ನಡ ಕಲಿಸಿದ್ದು ಮೇಷ್ಟ್ರಲ್ಲ ಸಾರ್. ನಮ್ಮ ಶಿಫ್ಟಿನವರು." ಸೈರನ್ ಎಲ್ಲರಿಗೂ ಒಂದೇ, ಸಂಬಳದ ದಿನ ಒಂದೇ, ಯೂನಿಯನ್ ಒಂದೇ, ಗೇಟಿನ ಮುಂದೆ ಧರಣಿ ಕೂತರೆ ಘೋಷಣೆಯೂ ಒಂದೇ. ಸಂಜೆ ರೇಡಿಯೋ ಹಾಕಿದ್ರೆ ಬರ್ತಿದ್ದದ್ದು ಭದ್ರಾವತಿ ಆಕಾಶವಾಣಿ. ಮಲಾಕ್ಕಾದ ಬಂದರು ಮಲಯ್‌ಗೆ ಮಾಡಿದ ಕೆಲಸವನ್ನ ಭದ್ರಾವತಿಯ ಕಾರ್ಖಾನೆ ಕನ್ನಡಕ್ಕೆ ಮಾಡ್ತು.

ಶಿವಮೊಗ್ಗ ಸೀಮೆಯ ಮನೆಮಾತುಗಳ ಪಟ್ಟಿ ಮಾಡಿ ನೋಡಿ. ತಮಿಳು, ಉರ್ದು, ತೆಲುಗು, ಮರಾಠಿ, ಕೊಂಕಣಿ, ಲಂಬಾಣಿ, ಹಕ್ಕಿಪಿಕ್ಕಿ ಜನರ ವಾಗ್ರಿ. ನಗರದ ಪಕ್ಕದ ಮತ್ತೂರಿಗೆ ಸಂಸ್ಕೃತ ಗ್ರಾಮ ಅಂತ ನಾವು ಕ್ಯಾಮೆರಾ ಹೊತ್ತು ಓಡ್ತೀವಿ. ಅಲ್ಲಿನ ಎಷ್ಟೋ ಮನೆಗಳ ಮನೆಮಾತು ಸಂಕೇತಿ. ಸಂಕೇತಿ, ಸಂಸ್ಕೃತ, ಕನ್ನಡ ಮೂರೂ ಒಂದೇ ಜಗಲಿಯಲ್ಲಿ ನಡೆಯುತ್ತೆ.

ಇನ್ನು ಕನ್ನಡ ಅನ್ನೋದು ಕನ್ನಡ ಮನೆಮಾತಿನವರು ಮಾತ್ರ ಕಟ್ಟಿದ್ದಾ? ಬೇಂದ್ರೆಯವರ ಮನೆಮಾತು ಮರಾಠಿ. ಮಾಸ್ತಿಯವರದ್ದು ತಮಿಳು. ಗಿರೀಶ್ ಕಾರ್ನಾಡರದ್ದು ಕೊಂಕಣಿ. ಮೂವರೂ ಜ್ಞಾನಪೀಠ ತಂದವರು. ನಿಸಾರ್ ಅಹಮದ್ ಅವರ ಮನೆಮಾತು ಉರ್ದು. ಇದೇ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸ್ತಿದ್ರು. 2006ರಲ್ಲಿ ಶಿವಮೊಗ್ಗದಲ್ಲಿ 73ನೇ ಕನ್ನಡ ಸಾಹಿತ್ಯ ಸಮ್ಮೇಳನ ಆದಾಗ ಅಧ್ಯಕ್ಷರು ಅವರೇ. 2017ರಲ್ಲಿ ಮೈಸೂರು ದಸರಾ ಉದ್ಘಾಟಿಸಿದವರೂ ಅವರೇ. ಯಾರಾದ್ರೂ ಅವರ ಮನೆಮಾತು ಕೇಳಿದ್ರಾ? ಮಲೇಷ್ಯಾದ 160ನೇ ವಿಧಿ ಹಾಕಿರೋ ಬೇಲಿ ಕನ್ನಡಕ್ಕೆ ಇಲ್ಲ. ಕನ್ನಡಿಗ ಆಗೋದಕ್ಕೆ ಧರ್ಮ ಬೇಕಿಲ್ಲ, ಜಾತಿ ಬೇಕಿಲ್ಲ. ಕಲಿತರೆ ಸಾಕು.

ಹಾಗಂತ ನಮ್ಮ ಕೈ ಶುದ್ಧ ಅಂತಲ್ಲ. 1982ರ ಗೋಕಾಕ್ ಚಳವಳಿ ನೆನಪಿದೆಯಾ? ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆ ಆಗಬೇಕು, ಅದಕ್ಕೆ 150 ಅಂಕ ಇರಬೇಕು ಅಂತ ಗೋಕಾಕರ ಸಮಿತಿ ಹೇಳಿತ್ತು. ರಾಜ್‌ಕುಮಾರ್ ಬೀದಿಗಿಳಿದ್ರು, ನಾಡು ಅವರ ಹಿಂದೆ ಹೋಯ್ತು. ಕನ್ನಡ ಓದದೆಯೇ ಕರ್ನಾಟಕದಲ್ಲಿ ಹೈಸ್ಕೂಲು ಮುಗಿಸಬಹುದು ಅನ್ನೋ ಸ್ಥಿತಿ ಅನ್ಯಾಯ ಆಗಿತ್ತು. ಚಳವಳಿಯ ನೋವು ನಿಜ. ಆದ್ರೆ ಉರ್ದು ಮನೆಯ ಮಕ್ಕಳ ತಂದೆತಾಯಿಗೆ ಅದು ಬೇರೆ ಥರ ಕೇಳಿಸ್ತು, ನಿಮ್ಮ ಭಾಷೆ ಬಿಡಿ ಅಂದ ಹಾಗೆ. ಅವರ ಜೊತೆ ಕೂತು ಮಾತಾಡೋ ಕೆಲಸವನ್ನ ಸರಕಾರ ಸರಿಯಾಗಿ ಮಾಡಲಿಲ್ಲ. 1994ರ ಅಕ್ಟೋಬರ್‌ನಲ್ಲಿ ಬೆಂಗಳೂರು ದೂರದರ್ಶನ ಹತ್ತು ನಿಮಿಷದ ಉರ್ದು ವಾರ್ತೆ ಶುರು ಮಾಡಿದಾಗ ಗಲಭೆ ಆಗಿ ಜೀವಗಳು ಹೋದವು. ಹತ್ತು ನಿಮಿಷದ ವಾರ್ತೆಗೆ! ವಾರ್ತೆ ಓದಿಯೇ ಅನ್ನ ತಿನ್ನೋ ನನಗೆ ಅದು ಇವತ್ತಿಗೂ ಚುಚ್ಚುತ್ತೆ.

ಕೋರ್ಟಿನ ಕಥೆ ಇನ್ನೊಂದು. ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಿ ಅಂತ ಸರಕಾರ 1994ರಲ್ಲಿ ಆದೇಶ ಮಾಡ್ತು. ಇಪ್ಪತ್ತು ವರ್ಷ ಕೇಸು ನಡೀತು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳ್ತು, ಮಾಧ್ಯಮ ಯಾವುದು ಅನ್ನೋದು ಪೋಷಕರ ಆಯ್ಕೆ, ಸರಕಾರ ಹೇರೋ ಹಾಗಿಲ್ಲ ಅಂತ. ಉಳಿದ ದಾರಿ ಒಂದೇ, ಕನ್ನಡವನ್ನ ಒಂದು ಭಾಷೆಯಾಗಿ ಕಲಿಸೋದು. ಅದಕ್ಕೆ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಇದೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡೋ ಮಸೂದೆಗೆ ಸಂಪುಟ ಒಪ್ಪಿಗೆ ಕೊಡ್ತು, ಗದ್ದಲ ಆದಮೇಲೆ ತಡೆಹಿಡೀತು. ಅದರಲ್ಲಿ ಸ್ಥಳೀಯ ಅಂದ್ರೆ ಯಾರು? ಇಲ್ಲಿ ಹುಟ್ಟಿ, 15 ವರ್ಷ ಇಲ್ಲಿ ವಾಸವಾಗಿದ್ದು, ಕನ್ನಡ ಮಾತಾಡೋಕೆ, ಓದೋಕೆ, ಬರೆಯೋಕೆ ಬರುವವನು. ಮೀಸಲಾತಿ ಸರಿಯೋ ತಪ್ಪೋ ಅದು ಬೇರೆ ಚರ್ಚೆ. ಈ ವ್ಯಾಖ್ಯೆಯಲ್ಲಿ ಧರ್ಮ ಇರಲಿಲ್ಲ, ಮನೆಮಾತು ಇರಲಿಲ್ಲ ಅನ್ನೋದನ್ನ ಗಮನಿಸಿ. ರಾಗಿಗುಡ್ಡದ ಉರ್ದು ಮನೆಯ ಹುಡುಗಿಯೂ ಆಗಬಹುದು, ತಮಿಳು ಮನೆಯ ಹುಡುಗನೂ ಆಗಬಹುದು. ಬೇಕಾದ್ದು ಒಂದೇ, ಕನ್ನಡ ಬರಬೇಕು.

ಹಾಗಾದ್ರೆ ಅವರಿಗೆ ಕನ್ನಡ ಬರೋ ಹಾಗೆ ಮಾಡೋದು ಯಾರ ಕೆಲಸ?

ಬಾಯಲ್ಲಿ ಬರುತ್ತೆ. ಟೀ ಅಂಗಡಿಯಲ್ಲಿ, ಆಟೋ ಸ್ಟ್ಯಾಂಡಿನಲ್ಲಿ ಬಂದಿದೆ. ಆದ್ರೆ ಅರ್ಜಿ ಬರೆಯೋ ಕನ್ನಡ, ಕೆಪಿಎಸ್‌ಸಿ ಪರೀಕ್ಷೆಯ ಕನ್ನಡ, ತಹಶೀಲ್ದಾರ್ ಕಚೇರಿಯ ನೋಟಿಸಿನ ಕನ್ನಡ ಬೀದಿಯಲ್ಲಿ ಸಿಗಲ್ಲ. ಅದನ್ನ ಶಾಲೆಯೇ ಕೊಡಬೇಕು. ಉರ್ದು ಮಾಧ್ಯಮದ ಮಗುವಿಗೆ ಕನ್ನಡ ಕಲಿಸೋದು ಬೇರೆಯದೇ ಕಲೆ. ಅದು ಮನೆಯಲ್ಲಿ ಕನ್ನಡ ಕೇಳಿ ಬಂದ ಮಗು ಅಲ್ಲ. ಅದಕ್ಕೆ ಬೇರೆ ಪುಸ್ತಕ ಬೇಕು, ಆ ಥರ ಕಲಿಸೋದಕ್ಕೆ ತರಬೇತಿ ಪಡೆದ ಮೇಷ್ಟ್ರು ಬೇಕು. ಭಾಷೆ ಕಲೀದಿದ್ರೆ ಕೆಲಸ ಇಲ್ಲ ಅಂತ ಹೇಳೋ ಅಧಿಕಾರ ಸರಕಾರಕ್ಕೆ ಬೇಕು ಅಂದ್ರೆ, ಕಲಿಸೋ ಸಾಲವನ್ನ ಅದು ಮೊದಲು ತೀರಿಸಬೇಕು. ಮನೆಮಾತಿನ ರಕ್ಷಣೆಯೂ ಅದರ ಹೊಣೆ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯೋ ಸೌಲಭ್ಯ ಕೊಡಿ ಅಂತ ನಮ್ಮ ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳುತ್ತೆ. ಎರಡೂ ಒಟ್ಟಿಗೆ ಸಾಧ್ಯ. ಸಾಧ್ಯ ಅನ್ನೋದಕ್ಕೆ ನಿಸಾರ್ ಅಹಮದ್ ಸಾಕ್ಷಿ.

ನನ್ನ ನಿಜವಾದ ಭಯ ಬೇರೆ. ಊರಮಾತು ಹುಟ್ಟೋದು ಎಲ್ಲರೂ ಸೇರೋ ಜಾಗದಲ್ಲಿ. ಆ ಜಾಗಗಳು ಒಂದೊಂದಾಗಿ ಹೋಗ್ತಾ ಇವೆ. ಭದ್ರಾವತಿಯ ಕಾಗದ ಕಾರ್ಖಾನೆಯ ಯಂತ್ರ ನಿಂತು ವರ್ಷಗಳಾದ್ವು. ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನ ಮುಚ್ಚೋ ತೀರ್ಮಾನ 2023ರ ಜನವರಿಯಲ್ಲಿ ಬಂತು. ಶುರುವಾಗಿ ಸರಿಯಾಗಿ ನೂರು ವರ್ಷಕ್ಕೆ! ಕಾರ್ಮಿಕರು ಧರಣಿ ಕೂತ್ರು. ಆ ಗೇಟಿನ ಮುಂದೆ ಎಷ್ಟು ಮನೆಮಾತಿನವರು ಕೂತಿದ್ರು ಅಂತ ಯಾರೂ ಲೆಕ್ಕ ಹಾಕಲಿಲ್ಲ, ಕೂಗಿದ್ದು ಮಾತ್ರ ಕನ್ನಡದಲ್ಲಿ. ಇನ್ನು ಶಾಲೆ. ದುಡ್ಡಿದ್ದವರ ಮಕ್ಕಳು ಇಂಗ್ಲಿಷ್ ಮೀಡಿಯಂ ಬಸ್ಸಿಗೆ, ಇಲ್ಲದವರಲ್ಲಿ ಕೆಲವರು ಕನ್ನಡ ಶಾಲೆಗೆ, ಕೆಲವರು ಉರ್ದು ಶಾಲೆಗೆ. ಮಲೇಷ್ಯಾದ ಹಾಗೇ ನಾವೂ ಮಕ್ಕಳನ್ನ ಚಿಕ್ಕಂದಿನಲ್ಲೇ ಬೇರೆ ಬೇರೆ ಗೇಟಿನಿಂದ ಒಳಗೆ ಬಿಡ್ತಾ ಇದ್ದೀವಿ. ಒಟ್ಟಿಗೆ ಕೆಲಸ ಮಾಡದ, ಒಟ್ಟಿಗೆ ಓದದ ಜನಕ್ಕೆ ಒಟ್ಟಿಗೆ ಸೇರೋಕೆ ಉಳಿಯೋದು ಮೆರವಣಿಗೆ ಮಾತ್ರ. ಅಲ್ಲಿ ಘೋಷಣೆ ಇರುತ್ತೆ, ಮಾತುಕತೆ ಇರಲ್ಲ.

ಬೋರ್ಡಿನ ಮೇಲೆ ಶೇಕಡಾ 60 ಕನ್ನಡ ಇರಲಿ ಅಂತ ಸರಕಾರ ನಿಯಮ ಮಾಡಿದೆ. ಇರಲಿ, ನನ್ನದೇನೂ ತಕರಾರಿಲ್ಲ. ಆದ್ರೆ ಬೋರ್ಡಿನ ಅಕ್ಷರಕ್ಕಿಂತ ಬೋರ್ಡಿನ ಕೆಳಗೆ ನಿಂತು ಇಬ್ಬರು ಯಾವ ಮಾತಲ್ಲಿ ನಗ್ತಾರೆ ಅನ್ನೋದು ಮುಖ್ಯ.

ಆ ದಿನ ಎದ್ದು ಹೊರಡೋ ಹೊತ್ತಿಗೆ ಟೀ ಅಂಗಡಿಗೆ ಒಂದು ಹುಡುಗಿ ಬಂದಳು. ಐದನೇ ಕ್ಲಾಸೋ ಆರನೇ ಕ್ಲಾಸೋ ಇರಬೇಕು. ಕೈಯಲ್ಲಿ ಕನ್ನಡ ಪುಸ್ತಕ. ಹಿರಿಯರ ಹತ್ರ ಬಂದು, "ತಾತಾ, ಈ ಪದ ಹೇಗೆ ಓದೋದು?" ಅಂತ ಕೇಳಿದಳು. ನಾನು ಮೊಮ್ಮಗಳು ಅಂದುಕೊಂಡೆ. ಅಲ್ಲ, ಪಕ್ಕದ ಮನೆಯವಳು, ಉರ್ದು ಮನೆಯ ಹುಡುಗಿ. ತಮಿಳು ಮನೆಮಾತಿನ ತಾತ ಕನ್ನಡಕ ಏರಿಸಿಕೊಂಡು ಒತ್ತಕ್ಷರ ಬಿಡಿಸಿ ಬಿಡಿಸಿ ಹೇಳಿಕೊಟ್ರು. ಅವಳು ಎರಡು ಸಲ ತಪ್ಪು ಓದಿ ಮೂರನೇ ಸಲ ಸರಿ ಓದಿದಳು.

ಆ ತಾತನಿಗೆ ಕನ್ನಡ ಕಲಿಸೋಕೆ ಒಂದು ಕಾರ್ಖಾನೆ ಇತ್ತು. ಈ ಹುಡುಗಿಗೆ ಸದ್ಯಕ್ಕೆ ಆ ತಾತ ಇದ್ದಾರೆ.